ಬೆಳಕಿಂಡಿ ಮುಚ್ಚಿಸಿದ್ದು ನಾನೇ

"ಮನ್ಯಾಗ ಯಾರು ಬೀಡಿ ಸೇದ್ತಾರ?"

ವಿಜಯಪುರದ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು ಕೇಳಿದರು. ಅವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. "ನಮ್ಮ ಮನ್ಯಾಗ ಒಲಿ ಒಂದ ಸೇದೋದು ನೋಡ್ರಿ." ನಗುವಿನ ಹಿಂದೆಯೇ ಕೆಮ್ಮು ಬಂತು. ಡಾಕ್ಟರು ನಗಲಿಲ್ಲ. ಒಲೆ ಎಲ್ಲಿದೆ, ಹೊಗೆ ಎಲ್ಲಿಂದ ಹೊರಗೆ ಹೋಗುತ್ತದೆ ಎಂದು ಕೇಳಿದರು. ಅದಕ್ಕೆ ಉತ್ತರ ಕೊಡಬೇಕಾದವನು ನಾನು. ಮನೆ ಕಟ್ಟಿಸಿದವನು ನಾನೇ.

ನಮ್ಮೂರು ತಿಕೋಟಾ, ಬಬಲೇಶ್ವರ ನಡುವೆ ಬರುತ್ತದೆ. ಹಳೆ ಮನೆ ಮಣ್ಣಿನ ಮಾಳಿಗೆಯದು. ಒಲೆಯ ನೆತ್ತಿಗೇ ಬೆಳಕಿಂಡಿ. ಮಳೆ ಬಂದರೆ ಮೇಲೆ ಹತ್ತಿ ಅದಕ್ಕೆ ಕಲ್ಲು ಮುಚ್ಚುವುದು ಸಣ್ಣವನಿದ್ದಾಗ ನನ್ನ ಕೆಲಸ. ಮಾಳಿಗೆ ಸೋರತೊಡಗಿದ ಮೇಲೆ ಸಾಲ ಮಾಡಿ ಸ್ಲ್ಯಾಬ್ ಹಾಕಿಸಿದೆ. "ಬೆಳಕಿಂಡಿ ಬಿಡೂನೇನ್ರಿ?" ಅಂತ ಗೌಂಡಿ ಕೇಳಿದ್ದ. "ಬ್ಯಾಡ, ಸೋರತದ. ಹ್ಯಾಂಗೂ ಗ್ಯಾಸ್ ಬಂದದಲ್ಲ" ಅಂದೆ.

ಗ್ಯಾಸ್ ಬಂದದ್ದು ನಿಜ. ಉಜ್ವಲ ಯೋಜನೆ ಶುರುವಾಗಿದ್ದು 2016ರ ಮೇ 1ರಂದು. ನಮ್ಮೂರಿನ ಪಾಳಿ ಬಂದಾಗ ಸುದ್ದಿ ಬರೆದವನೂ ನಾನೇ. ಕೈಗೆ ಕೊಟ್ಟ ಚೀಟಿಯಲ್ಲಿ 'ಹೊಗೆಮುಕ್ತ ಗ್ರಾಮ' ಅಂತ ಇತ್ತು. ಹಾಗೇ ಟೈಪ್ ಮಾಡಿ ಕಳಿಸಿದೆ. ಅವತ್ತು ರಾತ್ರಿ ನಾನು ಉಂಡ ರೊಟ್ಟಿ ಒಲೆಯದೇ.

ಡಾಕ್ಟರ ಮಾತು ಕೇಳಿ ಬಂದು ಅವ್ವನಿಗೆ ಗದರಿದೆ. ಸಿಲಿಂಡರ್ ಮೂಲೆಗಿಟ್ಟು ಕಟಗಿ ಸುಡುತ್ತಾಳೆಂದು ಸಿಟ್ಟು. ಅವಳ ಹತ್ತಿರ ಲೆಕ್ಕ ಇತ್ತು. 2023ರಲ್ಲಿ ಸಿಲಿಂಡರ್ ದರ 1,100 ರೂಪಾಯಿ ದಾಟಿತ್ತು. ಉಜ್ವಲದವರಿಗೆ ಸಬ್ಸಿಡಿ ಖಾತೆಗೆ ಬರುತ್ತದೆ, ಆದರೆ ಆಮೇಲೆ. ತುಂಬಿದ ಸಿಲಿಂಡರ್ ಇಳಿಸಿಕೊಳ್ಳುವಾಗ ಪೂರ್ತಿ ರೊಕ್ಕ ಕೈಯಲ್ಲಿರಬೇಕು. ತೊಗರಿ ಕಟಗಿ ಹೊಲದ್ದು. ಅಕ್ಟೋಬರ್‌ನಲ್ಲಿ ದ್ರಾಕ್ಷಿ ಪಡದಲ್ಲಿ ಚಾಟಣಿ ನಡೆದರೆ ಬಳ್ಳಿಯ ಹೊರೆ ಕಟ್ಟಿ ತರಬಹುದು. ಕುಳ್ಳು ಮನೆಯವೇ.

ರೊಕ್ಕದ ಮಾತು ಅಷ್ಟೇ ಅಲ್ಲ. "ಗ್ಯಾಸಿನ ಮ್ಯಾಲ ಹಂಚಿನ ನಡುವಷ್ಟ ಕಾಯತದ, ರೊಟ್ಟಿ ಅಂಚು ಹಸೀನ ಉಳೀತದ" ಅಂದಳು. ಒಲೆಯಲ್ಲಿ ತೊಗರಿ ಕಟಗಿಯ ಉರಿ ಹಂಚಿನ ತುಂಬ ಹರಡುತ್ತದೆ. ಆಮೇಲೆ ಒಲೆಬಾಯಿಯ ಕೆಂಡಕ್ಕೆ ಆನಿಸಿ ನಿಲ್ಲಿಸಿದರೆ ರೊಟ್ಟಿ ಕಟಕ್ ಆಗುತ್ತದೆ. ನಾನು ಹುಟ್ಟಿನಿಂದ ರೊಟ್ಟಿ ಉಂಡವನು, ಒಂದೂ ಬಡಿದವನಲ್ಲ. ಇದು ತಲೆಗೆ ಹೋಗಿರಲಿಲ್ಲ.

ಇದಕ್ಕೆ ದಾರಿ ಹುಡುಕಿದವರು ಇಲ್ಲವೆಂದಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1980ರ ದಶಕದಲ್ಲಿ ಅಸ್ತ್ರ ಒಲೆ ಮಾಡಿದರು. ಮೂರು ಪಾತ್ರೆಗೆ ಮೂರು ಕುಳಿ, ಹೊಗೆಗೆ ಕೊಳವೆ. ಕಟಗಿಯೂ ಕಡಿಮೆ ಬೇಕು. ಯೂಟ್ಯೂಬಿನಲ್ಲಿ ಅವ್ವನಿಗೆ ತೋರಿಸಿದೆ. ಪೂರ್ತಿ ನೋಡಿ, "ಅನ್ನ ಉಣ್ಣೋರಿಗೆ ಛಲೋ ಅದ. ರೊಟ್ಟಿ ಎಲ್ಲಿ ಆನಸಬೇಕು?" ಅಂದಳು.

ಹಾಗಂತ ಹೊಗೆಯನ್ನು ಹಗುರ ಮಾಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಜಗತ್ತಿನಾದ್ಯಂತ ಸುಮಾರು 32 ಲಕ್ಷ ಜನ ಸತ್ತಿದ್ದಾರೆ. ಒಲೆ ಮುಂದೆ ಕೂತವರು, ಅವರ ಮಗ್ಗುಲಲ್ಲಿ ಆಡುವ ಕೂಸುಗಳೇ ಹೆಚ್ಚು ಹೊಗೆ ಕುಡಿಯುವವರು.

"ಹಂಗಾದ್ರ ಏನ್ ಮಾಡೂನು ನೀನ ಹೇಳಬೇ" ಅಂದೆ. ಮೊದಲ ದಿನವೇ ಕೇಳಬೇಕಾಗಿದ್ದ ಮಾತು. "ಒಲಿ ಹೊರಗ ಹಾಕಿ ಕೊಡು" ಅಂದಳು. ಹಿತ್ತಲಲ್ಲಿ ನಾಲ್ಕು ತಗಡು ಹೊದಿಸಿ, ಮೂರು ಕಡೆ ಬಯಲು ಬಿಟ್ಟು, ಒಲೆ ಅವಳೇ ಹೂಡಿದಳು. ಈಗ ಚಹಾ, ಅನ್ನ, ಸಾರು ಗ್ಯಾಸಿನ ಮೇಲೆ. ವಾರಕ್ಕೆರಡು ದಿನ ಹಿತ್ತಲಲ್ಲಿ ಕಟಕ್ ರೊಟ್ಟಿ ಮಾಡಿ ಬುಟ್ಟಿ ತುಂಬಿ ಇಡುತ್ತಾಳೆ. ಹಸಿ ಕಟಗಿ ಹಚ್ಚುವುದಿಲ್ಲ. ಸ್ಲ್ಯಾಬಿಗೆ ತೂತು ಹೊಡೆಯಲು ಗೌಂಡಿ ಒಪ್ಪಲಿಲ್ಲ, ಕಬ್ಬಿಣ ಕಡಿಯಬೇಕಾಗುತ್ತದೆ ಅಂದ. ಅಡುಗೆಮನೆ ಗೋಡೆಯ ಮೇಲುಗಡೆ ಇಟ್ಟಿಗೆ ತೆಗೆಸಿ ಜಾಳಿಗೆ ಕೂಡಿಸಿದೆವು. ಮನೆ ಕಟ್ಟಿಸುವಾಗಲೇ ಬಿಟ್ಟಿದ್ದರೆ ಖರ್ಚೇ ಇರಲಿಲ್ಲ.

ಕೆಮ್ಮು ಕಡಿಮೆಯಾಗಿದೆ, ಪೂರ್ತಿ ಹೋಗಿಲ್ಲ. ಪಂಪು ಎಳೆದುಕೊಳ್ಳುತ್ತಾಳೆ. ಮಳೆಗಾಲದಲ್ಲಿ ಹಿತ್ತಲಿಗೆ ಎರಚಲು ಹೊಡೆಯುತ್ತದೆ, ಹಳೆ ಒಲೆ ಇನ್ನೂ ಒಳಗಿದೆ. ಮೊನ್ನೆ ಜೋರು ಮಳೆ ಬಂದಾಗ ಪೇಟೆಯಿಂದ ಫೋನ್ ಮಾಡಿದೆ.

"ಎಲ್ಲಿ ಅಡಗಿ ಮಾಡಾಕತ್ತೀಬೇ?"

"ಗ್ಯಾಸಿನ ಮ್ಯಾಲಪ್ಪ" ಅಂದಳು. ಹಿಂದೆ ಊದುಗೊಳವೆ ಉರುಳಿದ ಸದ್ದು ಕೇಳಿಸಿತು.