ವಸಂತ್ ಕುಂಜ್‌ನ ಹಾಲಕ್ಕಿ

ದೆಹಲಿಯಲ್ಲಿ ಹಿತ್ತಲಿರುವ ಮನೆ ಅಂದರೆ ಕೇಳಿದವರು ಯಾವುದೋ ಬಂಗಲೆ ಅಂದುಕೊಳ್ಳುತ್ತಾರೆ. ನಮ್ಮದು ವಸಂತ್ ಕುಂಜ್‌ನ ಡಿಡಿಎ ಫ್ಲ್ಯಾಟು, ನೆಲಮಹಡಿ. ಹಿಂದುಗಡೆ ಎರಡು ಕಾರು ನಿಲ್ಲಿಸಿದರೆ ಮುಗಿದುಹೋಗುವಷ್ಟು ಮಣ್ಣಿನ ಜಾಗ, ಮೂಲೆಯಲ್ಲೊಂದು ಬೇವಿನ ಮರ. ಸಾಲಿನ ಉಳಿದವರು ಟೈಲ್ಸ್ ಹಾಕಿಸಿದ್ದಾರೆ, ಇಲ್ಲವೇ ತಗಡು ಹೊದಿಸಿ ಸ್ಟೋರ್ ರೂಮ್ ಮಾಡಿಕೊಂಡಿದ್ದಾರೆ. ನಮ್ಮದು ಮಣ್ಣಾಗಿಯೇ ಉಳಿಯಲು ಪರಿಸರ ಪ್ರೇಮ ಕಾರಣವಲ್ಲ. ಗುರುಗ್ರಾಮದ ಆಫೀಸಿನಿಂದ ಬರುವಷ್ಟರಲ್ಲಿ ಕತ್ತಲಾಗಿರುತ್ತಿತ್ತು. ಹಿಂದಿನ ಬಾಗಿಲು ತೆಗೆಯುತ್ತಿದ್ದದ್ದೇ ಅಪರೂಪ.

ಅದನ್ನು ತೆಗೆದವಳು ಅವ್ವ. ಅಪ್ಪ ಹೋದ ವರ್ಷ ದೀಪಾವಳಿ ಮುಗಿದ ಮೇಲೆ ಚಳ್ಳಕೆರೆಯಿಂದ ಕರೆತಂದೆ. ಹಿಂದಿ ಬಾರದು, ಟಿವಿ ಬೇಡ. ಬೆಳಗಾದರೆ ಹಿತ್ತಲು ಗುಡಿಸಿ, ಮಣ್ಣಿನ ತಟ್ಟೆಗೆ ನೀರು ಹಾಕಿ, ಗೋಡೆಯ ಮೇಲೆ ಒಂದು ಹಿಡಿ ನುಚ್ಚು ಚೆಲ್ಲುವುದು ಅವಳ ಕೆಲಸವಾಯಿತು. ವಾರದೊಳಗೆ ಹರಟೆಮಲ್ಲಗಳ ಗುಂಪು ಬಂತು. ಇವುಗಳನ್ನು ಇಂಗ್ಲಿಷರು ಏಳು ಅಕ್ಕತಂಗಿಯರು ಅಂದರು, ಹಿಂದಿಯವರು ಸಾತ್ ಭಾಯಿ, ಏಳು ಅಣ್ಣತಮ್ಮಂದಿರು, ಅನ್ನುತ್ತಾರೆ. ಆಸ್ತಿ ಭಾಗಕ್ಕೆ ಕೂತವರ ಹಾಗೆ ಕಿತ್ತಾಡುವುದು ನೋಡಿದರೆ ಹಿಂದಿಯವರೇ ಸರಿ. ಆಮೇಲೆ ಅಳಿಲು, ಗೊರವಂಕ. ಒಂದು ದಿನ ಗೋಡೆಯುದ್ದಕ್ಕೂ ಬಾಲ ಇಳಿಬಿಟ್ಟುಕೊಂಡು ನವಿಲು ಕೂತಿತ್ತು. ಮುಂಗುಸಿ ಕಂಡ ದಿನವಂತೂ ಶುಭ ಅಂತ ಅವ್ವ ಪಾಯಸ ಮಾಡಿದಳು.

ಇವೆಲ್ಲ ಎಲ್ಲಿಂದ ಬರುತ್ತವೆ ಅಂತ ತೋರಿಸಲು ಅವಳನ್ನು ಹತ್ತಿರದ ರಿಡ್ಜ್ ಕಾಡಿನ ಕಡೆ ಕರೆದುಕೊಂಡು ಹೋಗಿದ್ದೆ. ಅರಾವಳಿ ಬೆಟ್ಟಸಾಲಿನ ಕೊನೆಯ ತುಂಡು ಅದು. ಇಲ್ಲಿನವರು ವಿಲಾಯತಿ ಕೀಕರ್ ಅನ್ನುವ ಮುಳ್ಳುಮರವನ್ನು ಅವ್ವ ಕಂಡವಳೇ, “ಅಯ್ಯೋ, ಬಳ್ಳಾರಿ ಜಾಲಿ ಅಲ್ವೇನೇ ಇದು! ಇಲ್ಲಿಗೂ ಬಂದೈತಾ?” ಅಂದಳು. ಎರಡೂ ಒಂದೇ ಮರ; ಅಮೆರಿಕ ಖಂಡದಿಂದ ಬಂದದ್ದು. ಊರಿನಲ್ಲಿ ಅದನ್ನು ಬಯ್ಯದೆ ಬಿಟ್ಟವಳಲ್ಲ, ಇಲ್ಲಿ ಮಾತ್ರ ನೆಂಟರನ್ನು ಕಂಡವಳಂತೆ ನಿಂತು ನೋಡಿದಳು.

ಬೇವಿನ ಮರದ ದಪ್ಪ ಕೊಂಬೆಯಲ್ಲೊಂದು ಪೊಟರೆ. ಮುಸ್ಸಂಜೆ ಅದರ ಬಾಯಲ್ಲಿ ಎರಡು ದುಂಡು ತಲೆ ಕಾಣಿಸಿಕೊಳ್ಳುತ್ತಿದ್ದವು. ನಾನು ಫೋನಿನಲ್ಲಿ ಹುಡುಕಿ ‘ಸ್ಪಾಟೆಡ್ ಔಲೆಟ್’ ಅಂದೆ. “ಹಾಲಕ್ಕಿ ಕಣೇ,” ಅಂದಳು ಅವ್ವ. ಹಾಲಕ್ಕಿ ನುಡೀತೈತೆ ಅಂತ ಬುಡುಬುಡಿಕೆಯವರು ಬೆಳಗಿನ ಜಾವ ಬಾಗಿಲಿಗೆ ಬಂದು ಹೇಳುತ್ತಿದ್ದದ್ದು ಗೊತ್ತಿತ್ತು. ಆ ಹಕ್ಕಿ ಗೇಣುದ್ದದ ಗೂಬೆ, ನಮ್ಮನ್ನು ಕಂಡರೆ ತಲೆಯನ್ನು ಮೇಲೆ ಕೆಳಗೆ ಆಡಿಸುತ್ತದೆ, ಹುಳಹುಪ್ಪಟೆ, ಇಲಿಮರಿ ಹಿಡಿದು ಬದುಕುತ್ತದೆ ಅನ್ನುವುದು ಗೊತ್ತಾದದ್ದು ವಸಂತ್ ಕುಂಜ್‌ನಲ್ಲಿ.

ಡಿಸೆಂಬರಿಗೆ ತಕರಾರು ಶುರುವಾಯಿತು. ಚಳಿಗಾಲದಲ್ಲಿ ಇಲ್ಲಿ ಬಿಸಿಲೆಂದರೆ ಜೀವ. ವಯಸ್ಸಾದವರು ಮಂಜು ಕರಗುವುದನ್ನೇ ಕಾದು ಕುರ್ಚಿ ಹೊರಗೆ ಹಾಕುತ್ತಾರೆ. ಬೇವು ಎಲೆ ಉದುರಿಸುವುದು ಚಳಿ ಮುಗಿಯುವ ಹೊತ್ತಿಗೆ. ಆ ಕೊಂಬೆ ಮೇಲ್ಮನೆಯ ಆಂಟಿಯ ಬಾಲ್ಕನಿಗೆ ಬಿಸಿಲು ಬೀಳಗೊಡುತ್ತಿರಲಿಲ್ಲ. ಕೊಂಬೆ ಕಡಿಸಬೇಕೆಂದು ಕಾಲೊನಿ ಸಂಘಕ್ಕೆ ಅರ್ಜಿ ಹೋಯಿತು. ಮನೆ ಪಕ್ಕ ಉಲ್ಲೂ ಕೂತರೆ ಮನೆ ಹಾಳಾಗುತ್ತದೆ ಅನ್ನುವ ಭಯ ಅದರ ಜೊತೆಗೆ.

ಉಲ್ಲೂ ಲಕ್ಷ್ಮಿಯ ವಾಹನ ಅಂತ ಒಂದು ಮಾತು ಹೇಳಿಬಿಡು ಅಂದರು ನನ್ನ ಗಂಡ. ನನಗೆ ಧೈರ್ಯ ಬರಲಿಲ್ಲ. ಅದೇ ನಂಬಿಕೆಯಿಂದ ದೀಪಾವಳಿಯ ಹೊತ್ತಿಗೆ ಉತ್ತರ ಭಾರತದಲ್ಲಿ ಗೂಬೆಗಳನ್ನು ಹಿಡಿದು ಮಾಟಕ್ಕೆ, ಬಲಿಗೆ ಮಾರುತ್ತಾರೆ. 2010ರಲ್ಲಿ ಟ್ರಾಫಿಕ್ ಇಂಡಿಯಾ ಸಂಸ್ಥೆ ಈ ವ್ಯಾಪಾರದ ಬಗ್ಗೆ ವರದಿಯನ್ನೇ ತಂದಿತ್ತು. ಹಾಲಕ್ಕಿಯೂ ಆ ಪಟ್ಟಿಯಲ್ಲಿದೆ. 1972ರ ವನ್ಯಜೀವಿ ಕಾಯ್ದೆ ರಕ್ಷಣೆ ಕೊಟ್ಟಿದೆ, ನಿಜ. ಆದರೂ ಲಕ್ಷ್ಮಿ ಬಂದು ಕೂತ ಪೊಟರೆ ಅಂತ ನಾಲ್ಕು ಜನಕ್ಕೆ ಗೊತ್ತಾಗುವುದಕ್ಕಿಂತ ಅಪಶಕುನದ ಹಕ್ಕಿಯಾಗಿಯೇ ಇರಲಿ ಅನ್ನಿಸಿತು.

ಆದರೆ ಅದೇ ಕೊಂಬೆಯ ನೆರಳು ಅವ್ವನ ಮೇಲೂ ಬೀಳುತ್ತಿತ್ತು. ಮೊಣಕಾಲು ನೋವಿಗೆ ಅವಳಿಗೂ ಬಿಸಿಲು ಬೇಕು. ಕಡಿಸಿಬಿಡಲಾ ಅಂತ ಕೇಳಿದೆ. “ಕುರ್ಚಿ ಎತ್ತಿ ಆಕಡೆ ಇಟ್ಕೋತೀನಿ. ಪೊಟರೆ ಎತ್ತಿಡೋಕಾಗ್ತದಾ?” ಅಂದಳು. ಅಂದಿನಿಂದ ಹತ್ತು ಗಂಟೆಗೆ ಗೋಡೆ ಪಕ್ಕ, ಹನ್ನೆರಡಕ್ಕೆ ನಲ್ಲಿ ಹತ್ತಿರ, ಎರಡಕ್ಕೆ ಗೇಟಿನ ಬಳಿ, ಬಿಸಿಲಿನ ಹಿಂದೆ ಪ್ಲಾಸ್ಟಿಕ್ ಕುರ್ಚಿ ಓಡಾಡಿತು.

ಸಂಘದ ಸಭೆಗೆ ನಾನು 1994ರ ದೆಹಲಿ ವೃಕ್ಷ ಸಂರಕ್ಷಣಾ ಕಾಯ್ದೆಯ ಪ್ರತಿ ಒಯ್ದೆ. ವೃಕ್ಷಾಧಿಕಾರಿಯ ಅನುಮತಿಯಿಲ್ಲದೆ ಮರ ಕಡಿಯುವಂತಿಲ್ಲ. ಕ್ಲೈಂಟ್ ಮೀಟಿಂಗ್‌ಗಿಂತ ಕಷ್ಟದ ಮೀಟಿಂಗ್ ಅದು. ಕೊನೆಗೆ ಅನುಮತಿ ಪಡೆದು ತುದಿಯ ಸಣ್ಣ ರೆಂಬೆಗಳನ್ನಷ್ಟೇ ಸವರುವುದು ಅಂತಾಯಿತು.

ಆಂಟಿಗೆ ಸಮಾಧಾನವಿರಲಿಲ್ಲ. ಒಂದು ಸಂಜೆ ಕೆಳಗೆ ಬಂದು ಪೊಟರೆ ನೋಡುತ್ತ ಮುಖ ಹಿಂಡಿದರು. ಅವ್ವ ಕೈಯಲ್ಲಿ ಬುಡುಬುಡಿಕೆ ಆಡಿಸಿದ ಹಾಗೆ ಮಾಡಿ, ಈ ಹಕ್ಕಿ ಒಳ್ಳೆಯದನ್ನೇ ನುಡಿಯುವುದು ಅಂತ ಕನ್ನಡದಲ್ಲೇ ವಿವರಿಸಿದಳು. ನಾನು ಹಿಂದಿಗೆ ತಂದೆ. ಆಂಟಿ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಗನ ಕೆನಡಾ ವೀಸಾ ಬರುತ್ತದಾ ಕೇಳು ಅಂದರು. ಅವ್ವ ಒಂದು ಕ್ಷಣವೂ ಯೋಚಿಸಲಿಲ್ಲ: “ಬತ್ತೈತೆ ಅಂತ ಹೇಳು.”

ಮಾರ್ಚ್‌ನಲ್ಲಿ ನಾಯಕನಹಟ್ಟಿ ಜಾತ್ರೆಗೆಂದು ಅವ್ವ ಊರಿಗೆ ಹೊರಟಳು. ಹಿತ್ತಲಿನ ತಟ್ಟೆಗೆ ಈಗ ನಾನು ನೀರು ಹಾಕುತ್ತೇನೆ. ಏಪ್ರಿಲ್‌ನ ಒಂದು ಸಂಜೆ ಪೊಟರೆಯ ಬಾಯಲ್ಲಿ ಮರಿಗಳು ಕಂಡವು. ತಕ್ಷಣ ಅವ್ವನಿಗೆ ಫೋನು ಮಾಡಿ, ಎರಡು ಮರಿ ಅಂದೆ. ಆಂಟಿಯ ಮಗನ ವೀಸಾ ಇನ್ನೂ ಬಂದಿರಲಿಲ್ಲ. ಆದರೂ ಅವರು ಬಾಲ್ಕನಿಯಿಂದ ಬಗ್ಗಿ, ಮೂರು ಬೆರಳು ತೋರಿಸಿ, “ದೋ ನಹೀಂ, ತೀನ್ ಹೈಂ. ಅಮ್ಮಾಜಿಗೆ ಸರಿಯಾಗಿ ಹೇಳು,” ಅಂದರು.