ನಾಲ್ಕು ತಿಂಗಳ ಹಗ್ಗ

ಬೆಂಗಳೂರಿನ ಅಪಾರ್ಟ್‌ಮೆಂಟಲ್ಲಿ ನಾಯಿ ಸಾಕಿದವರಿಗೆ ಗೊತ್ತು, ಅದಕ್ಕೆ ಮನಸಾರೆ ಓಡಲು ಜಾಗವೇ ಇಲ್ಲ. ಹಾಗಾಗಿ ವರ್ಕ್ ಫ್ರಂ ಹೋಮ್ ಸಿಕ್ಕಾಗಲೆಲ್ಲ ನಾನು ಮೋತಿಯನ್ನು ಕರೆದುಕೊಂಡು ಊರಿಗೆ ಬರ್ತೀನಿ. ನಮ್ಮೂರು ಭಾಲ್ಕಿ ತಾಲೂಕಿನ ಮೆಹಕರ. ಬೇಸಿಗೆಯಲ್ಲಿ ಮಾಂಜ್ರಾ ನದಿಯ ನೀರು ಇಳಿದಾಗ ದಂಡೆಯ ಉಸುಕು, ಹರಳು ಬಯಲಾಗುತ್ತವೆ. ಮೋತಿಗೆ ಅದೇ ಬೀಚ್.

ಆದರೆ ಅಂಥದೇ ಬಯಲು ಟಿಟ್ಟಿಭದ ಬಾಣಂತಿಕೋಣೆಯೂ ಹೌದು. ಪಂಚತಂತ್ರದಲ್ಲಿ ಮೊಟ್ಟೆಗಾಗಿ ಸಮುದ್ರದ ಮೇಲೇ ಸಿಟ್ಟಾದ ಹಕ್ಕಿ ಇದೇ. ಇದರ ಗೂಡು ಅಂದ್ರೆ ನೆಲದಲ್ಲೊಂದು ಸಣ್ಣ ತಗ್ಗು, ಅಷ್ಟೇ. ಅದರಲ್ಲಿ ಸಾಮಾನ್ಯವಾಗಿ 4 ಮೊಟ್ಟೆ, ಥೇಟ್ ಕಲ್ಲಿನ ಬಣ್ಣ. ಮರಿಯಾಗಲು ಸುಮಾರು 4 ವಾರ ಬೇಕು.

‘ನನ್ನ ನಾಯಿ ಮೊಟ್ಟೆ ಮುಟ್ಟಲ್ಲ’ ಅಂದರೆ ಸಾಲದು. ನಮ್ಮ ಕಡೆಯ ಬಿಸಿಲಿನಲ್ಲಿ ಮೊಟ್ಟೆಗೆ ಕಾವಿನಷ್ಟೇ ನೆರಳೂ ಬೇಕು. ತಾಯಿಹಕ್ಕಿ ಹೊಟ್ಟೆಯ ಗರಿ ನೀರಲ್ಲಿ ತೋಯಿಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತದೆ. ನಾಯಿ ಕಂಡರೆ ಎದ್ದು ಕೂಗಾಡುತ್ತದೆ. ಅದು ಮತ್ತೆ ಬಂದು ಕೂರುವವರೆಗೆ ಮೊಟ್ಟೆಗಳು ಸುಡುವ ಉಸುಕಿನ ಮೇಲೆ ಬಯಲಲ್ಲೇ ಇರುತ್ತವೆ. ಮೋತಿಗೆ ಅದು ಆಟ, ಹಕ್ಕಿಗೆ ಸಂಸಾರ.

ಭದ್ರಾ ಜಲಾಶಯದಲ್ಲಿ ರಿವರ್ ಟರ್ನ್ ಹಕ್ಕಿಗಳು ನೀರು ಸುತ್ತುವರಿದ ನಡುಗಡ್ಡೆಗಳಲ್ಲಿ ಮೊಟ್ಟೆ ಇಡುತ್ತವೆ. ನೀರೇ ಅವಕ್ಕೆ ಬೇಲಿ. ಅಮೆರಿಕದ ಎಷ್ಟೋ ಬೀಚ್‌ಗಳಲ್ಲಿ ಪೈಪಿಂಗ್ ಪ್ಲವರ್ ಗೂಡು ಕಟ್ಟುವ ಕಾಲಕ್ಕೆ ಜಾಗ ಗುರುತಿಸಿ ಹಗ್ಗ ಕಟ್ಟುತ್ತಾರೆ, ನಾಯಿಗಳನ್ನು ನಿರ್ಬಂಧಿಸುತ್ತಾರೆ. ಮರಿಗಳು ಹಾರಿದ ಮೇಲೆ ಆ ಜಾಗ ಮತ್ತೆ ತೆರೆಯುತ್ತದೆ. ನಾಯಿಗೆ ಬೀಚ್ ಶಾಶ್ವತವಾಗಿ ಬಂದ್ ಆಗೋದಿಲ್ಲ.

ನಾನೂ ಹಾಗೇ ಮಾಡಿಕೊಂಡಿದ್ದೀನಿ. ಮಾರ್ಚ್‌ನಿಂದ ಜೂನ್‌ವರೆಗೆ ಹೊಳೆದಂಡೆಯಲ್ಲಿ ಮೋತಿ ಕೊರಳಿಗೆ ಹಗ್ಗ, ಓಟವೇನಿದ್ದರೂ ಮನೆ ಹಿತ್ತಲಲ್ಲಿ. ಚಳಿಗಾಲದಲ್ಲಿ ಉಸುಕೆಲ್ಲ ಅವನದೇ.

“ಊರ ನಾಯಿ ಎಲ್ಲಾ ಬಿಟ್ಟೇ ತಿರಗ್ತಾವ, ನಿನ್ನ ಒಂದ ನಾಯಿ ಕಟ್ಟಿದ್ರ ಏನಾಗತದ ತಮ್ಮಾ?” ಅಂತ ಮುತ್ಯಾ ಕೇಳ್ತಾರೆ. ಪ್ರಶ್ನೆ ಸುಳ್ಳಲ್ಲ. ಊರ ನಾಯಿಗಳಿಗೆ ಸಂತಾನಹರಣ ಆಗಬೇಕು, ದಂಡೆಯಲ್ಲಿ ಊಟದ ಎಂಜಲು ಸುರಿಯೋದು ನಿಲ್ಲಬೇಕು. ಅದು ಪಂಚಾಯ್ತಿ, ಊರು ಸೇರಿ ಮಾಡೋ ಕೆಲಸ. ಈ ಒಂದು ಹಗ್ಗ ಮಾತ್ರ ಇವತ್ತೇ ನನ್ನ ಕೈಯಲ್ಲಿದೆ.

ನೀವೂ ನಾಯಿ ಜತೆ ಹೊಳೆಗೋ ಕೆರೆಗೋ ಹೋದಾಗ ಟಿಟ್ಟಿಭ ತಲೆಮೇಲೆ ಸುತ್ತಿ ಕಿರುಚಿದರೆ ಹತ್ತಿರದಲ್ಲೇ ಗೂಡೋ ಮರಿಯೋ ಇದೆ ಅಂತ ತಿಳ್ಕೊಳ್ಳಿ. ಹುಡುಕೋಕೆ, ಫೋಟೋ ತೆಗೆಯೋಕೆ ಹೋಗಬೇಡಿ. ನಾಯಿಯನ್ನು ಹತ್ತಿರ ಎಳೆದುಕೊಂಡು, ಹೆಜ್ಜೆ ನೋಡಿ ಇಡುತ್ತಾ, ಬಂದ ದಾರಿಯಲ್ಲೇ ವಾಪಸ್ ಬನ್ನಿ.