ಗೌರಿಬಿದನೂರಿನ ರೇಡಿಯೋ ದೂರದರ್ಶಕ

ದೂರದರ್ಶಕವೆಂದೊಡನೆ ಕೊಳವೆಯನ್ನೂ ಮಸೂರವನ್ನೂ ಭಾವಿಸಿಕೊಳ್ಳುವ ವಾಚಕರಿಗೆ ಗೌರಿಬಿದನೂರಿನ ಯಂತ್ರವು ವಿಚಿತ್ರವಾಗಿ ತೋರೀತು. ಬೆಂಗಳೂರಿಗೆ ಉತ್ತರದಲ್ಲಿರುವ ಆ ಊರಿನ ಬಳಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನ ಸಂಸ್ಥೆಯೂ ಕೂಡಿ 1976ರಿಂದ ನಡೆಸಿದ ಈ ಯಂತ್ರಕ್ಕೆ ಗಾಜೆಂಬುದೇ ಇರಲಿಲ್ಲ. ಬಯಲಿನಲ್ಲಿ ನೆಟ್ಟ ಕಂಬಗಳು, ಅವುಗಳಿಗೆ ಬಿಗಿದ ತಂತಿಗಳು, ಅಷ್ಟೆ. ಗಂಗಾವತಿಯ ಗದ್ದೆಯ ನಾಟಿಯಂತೆ ಸಾಲುಹಿಡಿದು ನಿಂತ ಈ ಗ್ರಾಹಕಗಳು ಒಂದು ಸಾವಿರ: ಪೂರ್ವಪಶ್ಚಿಮವಾಗಿ ಸುಮಾರು 1.4 ಕಿಲೋಮೀಟರು ಚಾಚಿದ ತೋಳಿನಲ್ಲಿ 640, ದಕ್ಷಿಣದ ಕಿರಿಯ ತೋಳಿನಲ್ಲಿ 360.

ಇಷ್ಟು ದೊಡ್ಡದನ್ನು ತಿರುಗಿಸುವ ಬಗೆ ಹೇಗೆಂದರೆ, ತಿರುಗಿಸಬೇಕಾದುದೇ ಇಲ್ಲ. ಒಂದು ತಂತಿಗೆ ಬಂದ ಸಂಕೇತವನ್ನು ಕಿಂಚಿತ್ತು ತಡೆದು ಮತ್ತೊಂದರೊಡನೆ ಕೂಡಿಸಿದರೆ ಯಂತ್ರದ ನೋಟವು ಉತ್ತರಕ್ಕೋ ದಕ್ಷಿಣಕ್ಕೋ ವಾಲುವುದು. ಪೂರ್ವದಿಂದ ಪಶ್ಚಿಮಕ್ಕೆ ಆಕಾಶವನ್ನು ಅದರ ಮುಂದೆ ಸಾಗಿಸುವ ಕೆಲಸವನ್ನು ಭೂಮಿಯು ತನ್ನ ಭ್ರಮಣದಿಂದ ಪುಕ್ಕಟೆಯಾಗಿ ಮಾಡಿಕೊಡುವುದು. ಸುಮಾರು ಎಂಟೂಮುಕ್ಕಾಲು ಮೀಟರು ಉದ್ದದ ಅಲೆಗಳನ್ನು ಹೀಗೆ ಹಿಡಿದು ರಚಿಸಿದ ಆಕಾಶದ ನಕ್ಷೆಯನ್ನು ದ್ವಾರಕಾನಾಥ, ಉದಯಶಂಕರ ಎಂಬ ವಿದ್ವಾಂಸರು 1990ರಲ್ಲಿ ಪ್ರಕಟಿಸಿದರು.

ಶಬ್ದವು ಆಕಾಶದ ಗುಣವೆಂದು ನೈಯಾಯಿಕರು ಹೇಳಿದುದನ್ನು ಇಲ್ಲಿಗೆ ಎಳೆತಂದು ಹಿಗ್ಗುವವರುಂಟು. ಅದು ಸಲ್ಲದು. ತರ್ಕಶಾಸ್ತ್ರಕ್ಕೂ ಅದರಿಂದ ಗೌರವವಿಲ್ಲ, ವಿಜ್ಞಾನಕ್ಕೂ ಲಾಭವಿಲ್ಲ. ನಕ್ಷತ್ರಲೋಕದಿಂದ ಬರುವುದು ಕಿವಿಗೆ ಬೀಳುವ ಶಬ್ದವಲ್ಲ. ಬೆಳಕಿನ ಜಾತಿಯದೇ ಆದ, ಕಣ್ಣಿಗೆ ಕಾಣದ ತರಂಗ. ಸಾಗರದಾಚೆಗಿನ ದೂರವಾಣಿಯಲ್ಲಿ ಕೇಳಿಬರುತ್ತಿದ್ದ ಗೊರಗೊರ ಸದ್ದಿನ ಕಾರಣವನ್ನರಸಿ ಹೊರಟ ಅಮೆರಿಕದ ಕಾರ್ಲ್ ಜಾನ್ಸ್ಕಿಯು ಅದರ ಒಂದು ಮೂಲವು ಧನುರಾಶಿಯ ದಿಕ್ಕಿನಲ್ಲಿದೆಯೆಂದು 1933ರಲ್ಲಿ ಸಾರಿದನು. ಈ ವಿದ್ಯೆಗೆ ಅದೇ ಆರಂಭ.

ನಮ್ಮ ದೇಶದಲ್ಲಿ ಊಟಿಯ ಇಳಿಜಾರಿನ ಮೇಲೆ 530 ಮೀಟರು ಉದ್ದದ ದೂರದರ್ಶಕವು 1970ರಲ್ಲಿ ಸಿದ್ಧವಾಯಿತು. ಪುಣೆಯ ಬಳಿ ಖೋಡದದಲ್ಲಿ 45 ಮೀಟರು ಅಗಲದ 30 ಬೋಗುಣಿಗಳು ಸುಮಾರು 25 ಕಿಲೋಮೀಟರು ಹರಹಿನಲ್ಲಿ ಹರಡಿದ್ದರೂ ಒಂದೇ ಕಣ್ಣಾಗಿ ನೋಡುತ್ತವೆ. ಕೊಪ್ಪಳವು ಜಿಲ್ಲೆಯಾದ 1997ರಲ್ಲಿಯೇ ಗೌರಿಬಿದನೂರಿನಲ್ಲಿ ಸೂರ್ಯನ ಪ್ರಭಾಮಂಡಲವನ್ನು ಚಿತ್ರಿಸುವ ಮತ್ತೊಂದು ಗ್ರಾಹಕಸಮೂಹವು ಕೆಲಸಕ್ಕೆ ತೊಡಗಿತು.

ಈ ಯಂತ್ರಗಳಿಗೆ ಮೋಡವು ಅಡ್ಡಿಯಲ್ಲ, ಹಗಲೂ ಅಡ್ಡಿಯಲ್ಲ. ಅಡ್ಡಿಯಾಗಿರುವುದು ಮನುಷ್ಯನ ತರಂಗಗಳೇ. ಆಕಾಶದಿಂದ ಬರುವ ಸಂಕೇತವು ಅತಿ ಕ್ಷೀಣ. ಪ್ರಸಾರಕೇಂದ್ರ, ಮೊಬೈಲು, ವಿದ್ಯುತ್ತಂತಿಯ ಕಿಡಿ, ಮೇಲೆ ಹಾರುವ ಉಪಗ್ರಹ, ಎಲ್ಲವೂ ಅದನ್ನು ಮುಳುಗಿಸಬಲ್ಲವು. ಯಲಬುರ್ಗಿ, ಕುಷ್ಟಗಿಯ ಎರೆಹೊಲದಲ್ಲಿ ಲಾಂದ್ರವನ್ನಾರಿಸಿದರೆ ನಕ್ಷತ್ರಗಳು ತಾವಾಗಿ ಕಂಡಾವು. ಊರೂರಿನ ಮೊಬೈಲು ಗೋಪುರವನ್ನು ಒಂದು ರಾತ್ರಿಯ ಮಟ್ಟಿಗಾದರೂ ಆರಿಸೆಂದು ಖಗೋಳಜ್ಞನು ಯಾರನ್ನು ಕೇಳಬೇಕು?